ಕ್ಲಚ್ ಹಿಡಿಯದೆ ಗೇರ್: ಆ 60 ಮಿಲಿಸೆಕೆಂಡಿನಲ್ಲಿ ಆಗುವುದೇನು?

"ಕ್ಲಚ್ ಹಿಡಿಯದೆ ಗೇರ್ ಹಾಕಿದ್ರೆ ಗೇರ್‌ಬಾಕ್ಸ್ ಪುಡಿಪುಡಿ ಆಗುತ್ತೆ ಅಣ್ಣ, ಬೇಡ." ನನ್ನ ಹಳೇ ಕೆಟಿಎಂ ಆರ್‌ಸಿ 390 ಬೈಕಿಗೆ ಕ್ವಿಕ್‌ಶಿಫ್ಟರ್, ಅಂದರೆ ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಕಿಟ್, ಹಾಕ್ತೀನಿ ಅಂದಾಗ ಮೊದಲು ಕೇಳಿದ ಮಾತು ಇದು. ಇನ್ನೊಬ್ಬ ಗೆಳೆಯ ಇದಕ್ಕೆ ಪೂರ್ತಿ ಉಲ್ಟಾ. "ಅದೇ ಗೇರ್ ಹಾಕ್ಕೊಳ್ಳುತ್ತೆ ಬಿಡು, ನೀನು ಕಾಲು ತಾಗಿಸಿದ್ರೆ ಸಾಕು." ಎರಡೂ ತಪ್ಪು. ಕ್ವಿಕ್‌ಶಿಫ್ಟರ್ ಗೇರ್ ಹಾಕುವುದೇ ಇಲ್ಲ, ಹಾಕುವುದು ನಿಮ್ಮ ಕಾಲೇ. ಸೀಟಿನ ಕೆಳಗಿನ ಆ ಪುಟ್ಟ ಡಬ್ಬಿ ಮಾಡುವುದು ಒಂದೇ ಕೆಲಸ: ಇಂಜಿನ್ನಿನ ಎಳೆತವನ್ನು ಒಂದು ಚೂರು ಹೊತ್ತು ನಿಲ್ಲಿಸುವುದು. ಇಷ್ಟು ಸಣ್ಣ ಕೆಲಸ ಯಾಕೆ ಸಾಕಾಗುತ್ತದೆ ಅನ್ನುವುದೇ ನನಗೆ ಖುಷಿ ಕೊಡುವ ಸಂಗತಿ.

ಬೈಕಿನ ಗೇರ್‌ಬಾಕ್ಸಿನಲ್ಲಿ ಗೇರ್ ಚಕ್ರಗಳು ಒಂದನ್ನೊಂದು ಬಿಟ್ಟು ದೂರ ಹೋಗುವುದಿಲ್ಲ. ಆರೂ ಜೋಡಿಗಳ ಹಲ್ಲು ಯಾವಾಗಲೂ ಕೂಡಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲೂ ಒಂದು ಚಕ್ರ ಶಾಫ್ಟಿನ ಮೇಲೆ ಸುಮ್ನೆ ತಿರುಗುತ್ತಿರುತ್ತದೆ. ಅದನ್ನು ಶಾಫ್ಟಿಗೆ ಹಿಡಿಸಿದರೆ ಆ ಗೇರ್ ಬಿದ್ದಂತೆ. ಹಿಡಿಸುವುದು ಚಕ್ರದ ಪಕ್ಕದಲ್ಲಿರುವ ದಪ್ಪ ಗುಬಟುಗಳು. ಇವಕ್ಕೆ ಡಾಗ್ ಅಂತ ಹೆಸರು. ಒಂದು ಚಕ್ರ ಪಕ್ಕಕ್ಕೆ ಜಾರಿ, ಅದರ ಡಾಗ್ ಪಕ್ಕದ ಚಕ್ರದ ಗುಂಡಿಯೊಳಗೆ ಕೂರುತ್ತದೆ. ಅಷ್ಟೇ.

ಸರಿ, ಹಾಗಾದರೆ ಕಾಲಲ್ಲಿ ಒತ್ತಿದ ತಕ್ಷಣ ಅದು ಯಾಕೆ ಜಾರುವುದಿಲ್ಲ? ಯಾಕೆಂದರೆ ಇಂಜಿನ್ ಎಳೆಯುತ್ತಿದೆ. ಬಾಗಿಲಿಗೆ ಯಾರಾದರೂ ಒರಗಿ ನಿಂತಿದ್ದರೆ ಚಿಲಕ ಸರಿಯುತ್ತದಾ? ಚಿಲಕ ಕೆಟ್ಟಿಲ್ಲ, ಅದರ ಮೇಲೆ ಪಕ್ಕದಿಂದ ಭಾರ ಬಿದ್ದಿದೆ. ನಮ್ಮಜ್ಜಿ ಹಸು ಬಿಚ್ಚುವಾಗಲೂ ಹೀಗೇ ಆಗುತ್ತಿತ್ತು. ಹಸು ಜಗ್ಗುತ್ತಿದ್ದಾಗ ಗೂಟದ ಕುಣಿಕೆ ತೆಗೆಯಲು ಯಾವ ಗಂಡಾಳಿಗೂ ಆಗುತ್ತಿರಲಿಲ್ಲ. ಅಜ್ಜಿ ಬಾಯಲ್ಲಿ ಲೊಚ್ ಅಂತ ಸದ್ದು ಮಾಡಿದರೆ ಹಸು ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಹಗ್ಗ ಸಡಿಲ. ಎರಡೇ ಬೆರಳಲ್ಲಿ ಕುಣಿಕೆ ಆಚೆ. ಡಾಗ್‌ಗಳದ್ದು ಇನ್ನೂ ಬಿಗಿ, ಅವುಗಳ ಮುಖವನ್ನು ಬೇಕಂತಲೇ ಕೆಲವು ಡಿಗ್ರಿ ಒಳಕ್ಕೆ ಓರೆಯಾಗಿ ಕೊರೆದಿರುತ್ತಾರೆ. ಇಬ್ಬರು ಬೆರಳು ಕೊಕ್ಕೆ ಮಾಡಿ ಎಳೆದಾಡುವ ಆಟ ಇದೆಯಲ್ಲ, ಹಾಗೆ. ಎಳೆದಷ್ಟೂ ಗಟ್ಟಿ. ಓಡುವಾಗ ಗೇರ್ ತಾನಾಗಿ ಕಳಚಬಾರದು ಅಂತ ಮಾಡಿದ ಉಪಾಯ ಅದು.

ಕ್ಲಚ್ ಹಿಡಿದಾಗ ಆಗುವುದೂ ಎಳೆತ ನಿಲ್ಲುವುದೇ. ಕ್ವಿಕ್‌ಶಿಫ್ಟರ್ ಅದನ್ನು ಇನ್ನೊಂದು ದಾರಿಯಲ್ಲಿ, ಕಿಡಿಯನ್ನೋ ಪೆಟ್ರೋಲನ್ನೋ ತಡೆದು ಮಾಡುತ್ತದೆ. ಆ ಕ್ಷಣದಲ್ಲಿ ಡಾಗ್ ಮೇಲಿನ ಭಾರ ಸೊನ್ನೆ ದಾಟಿ ಆಚೆ ಹೋಗುತ್ತದೆ. ನಿಮ್ಮ ಕಾಲು ಆಗಲೇ ಲಿವರ್ ಎತ್ತಿ ಕಾಯುತ್ತಿರುತ್ತದೆ. ಚಿಲಕ ಸರಿಯಿತು.

ಈಗ ಲೆಕ್ಕ ನೋಡಿ. ಇಂಜಿನ್ 8000 ಆರ್‌ಪಿಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ 8000 ಸುತ್ತು ತಿರುಗುತ್ತಿದ್ದರೆ, ಒಂದು ಸುತ್ತಿಗೆ 7.5 ಮಿಲಿಸೆಕೆಂಡ್. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಉರಿಯುವುದು, ಅಂದರೆ 15 ಮಿಲಿಸೆಕೆಂಡಿಗೊಮ್ಮೆ. 60 ಮಿಲಿಸೆಕೆಂಡ್ ತಡೆದರೆ ತಪ್ಪುವುದು ನಾಲ್ಕೇ ನಾಲ್ಕು ಉರಿ. ನಾವು ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದೇ 4000 ಆರ್‌ಪಿಎಂನಲ್ಲಿ 60 ಮಿಲಿಸೆಕೆಂಡ್ ಅಂದರೆ ಎರಡೇ ಉರಿ. ಅದಕ್ಕೇ ಕಡಿಮೆ ವೇಗದಲ್ಲಿ ಅದೇ ಸೆಟ್ಟಿಂಗ್ ಒರಟಾಗಿ ಕಾಣುತ್ತದೆ. ಕಿಟ್ ಕೆಟ್ಟಿದೆ ಅಂತ ಬೈಯುವ ಮುಂಚೆ ಇದನ್ನು ನೆನಪಿಡಿ.

ಕಾಲು ಲಿವರ್ ಎತ್ತಿದ್ದು ಡಬ್ಬಿಗೆ ಹೇಗೆ ಗೊತ್ತಾಗುತ್ತದೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಲೇಬೇಕು, ನನಗೆ ತಡೆಯಲಾಗುವುದಿಲ್ಲ. ತಂತಿಯನ್ನು ಎಳೆದರೆ ಅದು ಒಂದು ಕೂದಲೆಳೆಯಷ್ಟು ಉದ್ದವಾಗಿ, ತೆಳ್ಳಗಾಗಿ, ಕರೆಂಟಿಗೆ ಅದರ ಅಡ್ಡಿ ಹೆಚ್ಚುತ್ತದೆ. ಇದನ್ನು 1856ರಲ್ಲೇ ಲಾರ್ಡ್ ಕೆಲ್ವಿನ್ ಗಮನಿಸಿದ್ದರು. ಅದು ಕೆಲಸಕ್ಕೆ ಬರಲು ಇನ್ನೂ 80 ವರ್ಷ ಬೇಕಾಯಿತು. 1938ರಲ್ಲಿ ಅಮೆರಿಕದ ಎರಡು ಮೂಲೆಗಳಲ್ಲಿ, ಕ್ಯಾಲ್‌ಟೆಕ್‌ನಲ್ಲಿ ಎಡ್ವರ್ಡ್ ಸಿಮನ್ಸ್, ಎಂಐಟಿಯಲ್ಲಿ ಆರ್ಥರ್ ರೂಜ್, ಒಬ್ಬರಿಗೊಬ್ಬರು ತಿಳಿಯದೆ ಒಂದೇ ಉಪಾಯ ಕಂಡುಕೊಂಡರು: ಸಣ್ಣ ತಂತಿಯನ್ನು ಲೋಹಕ್ಕೆ ಅಂಟಿಸಿಬಿಡುವುದು. ಲೋಹ ಹಿಗ್ಗಿದರೆ ತಂತಿಯೂ ಹಿಗ್ಗುತ್ತದೆ. ರೂಜ್ ಆಗ ನೋಡುತ್ತಿದ್ದದ್ದು ಭೂಕಂಪ ಆದರೆ ಎತ್ತರದ ನೀರಿನ ಟ್ಯಾಂಕುಗಳಿಗೆ ಏನಾಗುತ್ತದೆ ಅಂತ! ಅದೇ ಸ್ಟ್ರೇನ್ ಗೇಜ್ ಇವತ್ತು ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗಿದೆ, ನನ್ನ ಬೈಕಿನಲ್ಲಿ ಕಾಲಿನ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಗೇರ್ ರಾಡಿನಲ್ಲೂ ಇದೆ. ಅಂದರೆ ಕ್ವಿಕ್‌ಶಿಫ್ಟರ್ ನಿಮ್ಮ ಪಾದವನ್ನು ತೂಕಕ್ಕೆ ಹಾಕುತ್ತಿರುತ್ತದೆ.

ತಕ್ಕಡಿ ಅನ್ನುವುದು ತಲೆಯಲ್ಲಿದ್ದರೆ ಫಿಟ್ಟಿಂಗ್ ಅರ್ಧ ಅರ್ಥವಾದಂತೆ. ಸೆನ್ಸರ್‌ಗೆ ಎಳೆತ ಅಥವಾ ಒತ್ತಡ ಮಾತ್ರ ತಾಗಬೇಕು, ಬಾಗು ತಾಗಬಾರದು. ರಾಡಿನ ಎರಡೂ ತುದಿಯ ಜಾಯಿಂಟ್ ಬೆರಳಲ್ಲಿ ಅಲ್ಲಾಡಿಸಿದರೆ ಸಲೀಸಾಗಿ ಅಲ್ಲಾಡಬೇಕು. ತುಕ್ಕು ಹಿಡಿದು ಬಿಗಿಯಾಗಿದ್ದರೆ ಹೊಸದು ಹಾಕಿ. ಗೇರ್ ಏರಿಸುವಾಗ ರಾಡ್ ಎಳೆಯಲ್ಪಡುತ್ತದೋ ಒತ್ತಲ್ಪಡುತ್ತದೋ ಅನ್ನುವುದು ಬೈಕಿನಿಂದ ಬೈಕಿಗೆ ಬೇರೆ. ಇಂಜಿನ್ ಆಫ್ ಮಾಡಿ, ಕೈಯಲ್ಲಿ ಲಿವರ್ ನಿಧಾನಕ್ಕೆ ಎತ್ತಿ, ರಾಡ್ ಗೇರ್‌ಬಾಕ್ಸಿನ ತೋಳನ್ನು ತನ್ನ ಕಡೆ ಎಳೆಯುತ್ತಿದೆಯಾ, ಆಚೆ ನೂಕುತ್ತಿದೆಯಾ ನೋಡಿ. ಡಬ್ಬಿಯಲ್ಲಿ ಅದನ್ನೇ ಆರಿಸಬೇಕು. ಉಲ್ಟಾ ಕೊಟ್ಟರೆ ಗೇರ್ ಇಳಿಸುವಾಗ ಇಂಜಿನ್ ಕಟ್ ಆಗುತ್ತದೆ.

ರಾಡ್ ಬಿಚ್ಚುವಾಗ ಒಂದು ಮಾತು. ಹಲವು ರಾಡ್‌ಗಳಲ್ಲಿ ಒಂದು ತುದಿಯದು ಉಲ್ಟಾ ಥ್ರೆಡ್. ಆ ಕಡೆ ಲಾಕ್ ನಟ್ಟನ್ನು ಅಭ್ಯಾಸದಂತೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತಾ ಹೋಗುತ್ತದೆ. ನಾನು ಸ್ಪಾನರ್‌ಗೆ ಪೈಪ್ ಸಿಕ್ಕಿಸಿ ಒತ್ತುವ ಹಂತಕ್ಕೆ ಹೋಗಿದ್ದೆ. ಪಕ್ಕದಲ್ಲಿದ್ದವರು "ಸಾರ್, ನಟ್ ಮೇಲೆ ಗೀರು ಇದೆ ನೋಡಿ" ಅಂದಾಗ ಕೈ ನಿಂತಿತು. ಆ ಗೀರು ಉಲ್ಟಾ ಥ್ರೆಡ್‌ನ ಗುರುತು. ಸೆನ್ಸರ್ ಸೇರಿದ ಮೇಲೆ ಒಟ್ಟು ಉದ್ದ ಮೊದಲಿನಷ್ಟೇ ಇರಬೇಕು, ಇಲ್ಲದಿದ್ದರೆ ಲಿವರ್ ಎತ್ತರ ಬದಲಾಗಿ ಕಾಲು ತಪ್ಪುತ್ತದೆ. ಬಿಚ್ಚುವ ಮೊದಲೇ ಒಂದು ಫೋಟೋ, ಒಂದು ಅಳತೆ. ವೈರ್ ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ರಾಡ್ ಆಡಲು ಸ್ವಲ್ಪ ಸಡಿಲ ಬಿಡಿ. ವೈರಿಂಗ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ನಿಮ್ಮ ಬೈಕಿಗೆಂದೇ ಮಾಡಿದ ಕನೆಕ್ಟರ್ ಇರುವ ಕಿಟ್ ತಗೊಳ್ಳಿ, ವೈರ್ ಕತ್ತರಿಸಬೇಡಿ.

ಟ್ಯೂನಿಂಗ್‌ನಲ್ಲೇ ಎಲ್ಲರೂ ಎಡವುವುದು. ನನ್ನದನ್ನು ಮೊದಲು ಸೆಟ್ ಮಾಡಿದ ಗ್ಯಾರೇಜಿನಲ್ಲಿ ಹಿಂದಿನ ಚಕ್ರ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಗಾಳಿಯಲ್ಲಿ ತಿರುಗಿಸಿ, "ಬೆಣ್ಣೆ ಥರ ಬೀಳ್ತಿದೆ" ಅಂದರು. ಬೀಳದೆ ಏನು? ಹಸು ಜಗ್ಗುತ್ತಲೇ ಇಲ್ಲವಲ್ಲ. ಡಾಗ್ ಮೇಲೆ ಭಾರ ಬರುವುದು ಚಕ್ರಕ್ಕೆ ರಸ್ತೆ ಸಿಕ್ಕಾಗ. ಕೋಲಾರದ ರಸ್ತೆಯಲ್ಲಿ ಮೊದಲ ಸಲ ಮೂರರಿಂದ ನಾಲ್ಕಕ್ಕೆ ಎತ್ತಿದಾಗ ಬೈಕ್ ಮುಂದಕ್ಕೆ ಮುಗ್ಗರಿಸಿದಂತಾಗಿ, ಮತ್ತೆ ಹಿಂದಿನಿಂದ ಒದ್ದಂತಾಯಿತು. ಕಟ್ ಟೈಮ್, ಅಂದರೆ ಇಂಜಿನ್ ತಡೆಯುವ ಹೊತ್ತು, 90 ಮಿಲಿಸೆಕೆಂಡ್ ಇಟ್ಟಿದ್ದರು. ಗೇರ್ ಬಿದ್ದ ಮೇಲೂ ಇಂಜಿನ್ ಸತ್ತೇ ಇತ್ತು. ಚೈನ್ ಸಡಿಲಾಗಿ ಮತ್ತೆ ಟಪ್ ಅಂತ ಬಿಗಿಯಿತು. ಖಾಲಿ ನೇರ ರಸ್ತೆ ಹುಡುಕಿ ಐದೈದೇ ಇಳಿಸುತ್ತಾ ಬಂದೆ. 65ರಲ್ಲಿ ಒದೆತ ಹೋಯಿತು. 50ರಲ್ಲಿ ಲಿವರ್ ಅರ್ಧಕ್ಕೆ ನಿಂತು ಕರ್ ಅಂದಿತು. ಆ ಸದ್ದು ಡಾಗ್‌ಗಳ ಮೂಲೆ ಸವೆಯುವ ಸದ್ದು, ಗೇರ್‌ಬಾಕ್ಸ್ ಹಾಳಾಗುತ್ತದೆ ಅನ್ನುವ ಭಯ ನಿಜವಾಗುವುದು ಇಲ್ಲಿ. ಹಾಗಾಗಿ ಜಾಸ್ತಿ ಕಡೆಯಿಂದ ಇಳಿಯುತ್ತಾ ಬನ್ನಿ, ಕಡಿಮೆಯಿಂದ ಏರಬೇಡಿ. ನಾನು 60ಕ್ಕೆ ನಿಂತೆ.

ಇನ್ನೊಂದು ಸೆಟ್ಟಿಂಗ್ ಸೆನ್ಸರ್‌ನ ಸೂಕ್ಷ್ಮತೆಯದು. ಜಾಸ್ತಿ ಸೂಕ್ಷ್ಮವಾದರೆ ಹಂಪ್ ಮೇಲೆ ಶೂ ತಾಗಿದ್ದಕ್ಕೂ ಇಂಜಿನ್ ಕಟ್. ತಿರುವಿನ ನಡುವೆ ಹೀಗಾದರೆ ಅಪಾಯ. ತೀರಾ ಮೊಂಡಾದರೆ ಕಾಲು ನೋಯುತ್ತದೆ.

ಒಂದರಿಂದ ಎರಡಕ್ಕೆ ನಾನು ಈಗಲೂ ಕ್ಲಚ್ ಹಿಡಿಯುತ್ತೇನೆ. ಈ ಗೇರ್‌ಬಾಕ್ಸಿನಲ್ಲಿ ಮೊದಲ ಗೇರಿನ ಅನುಪಾತ (ಶಾಫ್ಟ್ ಒಂದು ಸುತ್ತು ಬರಲು ಅದನ್ನು ತಿರುಗಿಸುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದು) 2.67, ಎರಡನೆಯದರದು 1.86. 8000ದಲ್ಲಿ ಬದಲಿಸಿದರೆ ಇಂಜಿನ್ ಸುಮಾರು 5570ಕ್ಕೆ ಇಳಿಯಬೇಕು. ಐದರಿಂದ ಆರಕ್ಕಾದರೆ 7030ಕ್ಕೆ ಇಳಿದರೆ ಸಾಕು. ಅಷ್ಟು ಚಿಕ್ಕ ಸಮಯದಲ್ಲಿ ಇಂಜಿನ್ ತಾನಾಗಿ 2400 ಸುತ್ತು ಇಳಿಯುವುದಿಲ್ಲ. ಉಳಿದದ್ದನ್ನು ಡಾಗ್‌ಗಳೂ ಚೈನೂ ಡಿಕ್ಕಿ ಹೊಡೆದು ಇಳಿಸಬೇಕು.

ಗೇರ್ ಇಳಿಸುವುದಕ್ಕೆ? ಅಲ್ಲಿ ಭಾರ ಇರುವುದು ಡಾಗ್‌ನ ಇನ್ನೊಂದು ಮುಖದ ಮೇಲೆ, ಚಕ್ರ ಇಂಜಿನ್ನನ್ನು ನೂಕುತ್ತಿರುತ್ತದೆ. ಅದನ್ನು ಬಿಡಿಸಲು ಕಿಡಿ ತಡೆದರೆ ಪ್ರಯೋಜನವಿಲ್ಲ, ಒಂದು ಚೂರು ಆಕ್ಸಿಲರೇಟರ್ ಕೊಡಬೇಕು. ನನ್ನದು ಕೇಬಲ್ ಥ್ರಾಟಲ್, ಅಂದರೆ ಆಕ್ಸಿಲರೇಟರನ್ನು ಎಳೆಯುವುದು ಕರೆಂಟಲ್ಲ, ಕೇಬಲ್. ಡಬ್ಬಿಯ ಕೈ ಅಲ್ಲಿಗೆ ತಲುಪುವುದಿಲ್ಲ. ಇಳಿಸುವಾಗ ಎಡಗೈಯಲ್ಲಿ ಕ್ಲಚ್, ಬಲಗೈಯಲ್ಲಿ ಒಂದು ಸಣ್ಣ ತಿರುವು, ಮೊದಲಿನಂತೆಯೇ.