ಇವಾಟಾ ಸಂಬಳ ಕಟ್ ಮಾಡ್ಕೊಂಡಿದ್ದು ಯಾಕೆ? (ಕೊನೇ ಸಲ ಹೇಳ್ತಿದೀನಿ)

ಪ್ರಶ್ನೆ: ಜಪಾನಿನ ವಿಡಿಯೋ ಗೇಮ್ ಕಂಪನಿ ನಿಂಟೆಂಡೋದ ಅಧ್ಯಕ್ಷರಾಗಿದ್ದ ಸತೋರು ಇವಾಟಾ ತನ್ನ ಅರ್ಧ ಸಂಬಳ ಬಿಟ್ಟುಕೊಟ್ಟು ಕೆಲಸಗಾರರನ್ನೆಲ್ಲ ಲೇಆಫ್‌ನಿಂದ ಉಳಿಸಿದ್ರಂತೆ, ನಿಜವಾ ಸಾರ್?

ಅಯ್ಯೋ, ಮತ್ತೆ ಇದೇನಾ. ಯಾವುದೋ ಐಟಿ ಕಂಪನಿ ಲೇಆಫ್ ಅಂದ್ರೆ ಸಾಕು, ವಾಟ್ಸಾಪ್‌ನಲ್ಲಿ ಇವರ ಫೋಟೋ ಓಡಾಡೋಕೆ ಶುರು.

ಸಂಬಳ ಕಡಿಮೆ ಮಾಡ್ಕೊಂಡಿದ್ದು ನಿಜ, ಅದೂ ಎರಡು ಸಲ. 2011ರ ಫೆಬ್ರವರಿಯಲ್ಲಿ 25,000 ಯೆನ್‌ಗೆ ಬಂದ 3ಡಿಎಸ್ (ಕೈಯಲ್ಲಿ ಹಿಡಿದು ಆಡೋ ಗೇಮ್ ಯಂತ್ರ) ಓಡ್ಲಿಲ್ಲ, ಆಗಸ್ಟ್‌ನಲ್ಲೇ 15,000ಕ್ಕೆ ಇಳಿಸ್ಬೇಕಾಯ್ತು, ಮೊದಲೇ ದುಡ್ಡು ಕೊಟ್ಟು ತಗೊಂಡವರು ಉರ್ಕೊಂಡ್ರು, ಅದರ ಹೊಣೆ ಹೊತ್ತು ಇವಾಟಾ ಸಂಬಳದ 50% ಬಿಟ್ರು, ಮಾರಿಯೋ ಗೇಮ್ ಮಾಡಿದ ಮಿಯಾಮೋಟೋ 30%. 2014ರಲ್ಲಿ ವೀ ಯು ಅನ್ನೋ ಗೇಮ್ ಯಂತ್ರ ಮಕಾಡೆ ಮಲಗಿದಾಗ ಮತ್ತೆ ಅರ್ಧ, ಐದು ತಿಂಗಳು. ಜಪಾನಿನಲ್ಲಿ ಇದು ತಪ್ಪೊಪ್ಪಿಗೆಯ ರೂಢಿ. ನೀವೇ ಲೆಕ್ಕ ಹಾಕಿ, ಒಬ್ಬರ ಐದು ತಿಂಗಳ ಅರ್ಧ ಸಂಬಳದಲ್ಲಿ ಸಾವಿರಾರು ಜನರ ಪಗಾರ ಆಗುತ್ತಾ? ಕೆಲಸ ಉಳಿಸಿದ್ದು ನಿಂಟೆಂಡೋ ತನ್ನ ಹಿಂದಿನ ಯಂತ್ರಗಳಾದ ವೀ, ಡಿಎಸ್ ಕಾಲದಲ್ಲಿ ಕೂಡಿಟ್ಟಿದ್ದ ದುಡ್ಡು, ಜೊತೆಗೆ ಜಪಾನಿನಲ್ಲಿ ಪರ್ಮನೆಂಟ್ ಕೆಲಸಗಾರರನ್ನ ಸುಮ್ನೆ ತೆಗೆಯೋಕೂ ಕಾನೂನು ಬಿಡಲ್ಲ.

ಲೇಆಫ್ ಮಾತು ಬೇರೆ ಕಡೆಯದು. 2013ರ ಷೇರುದಾರರ ಸಭೆಯಲ್ಲಿ, ಕೆಲಸ ಹೋಗುತ್ತೆ ಅನ್ನೋ ಭಯದಲ್ಲಿರೋರು ಜನ ಮೆಚ್ಚೋ ಗೇಮ್ ಮಾಡಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ಒಳ್ಳೇ ಮಾತೇ. ಯಾರೋ ಇದನ್ನೂ ಸಂಬಳವನ್ನೂ ಸೇರಿಸಿ ಒಂದು ಕಥೆ ಹೊಲಿದ್ರು ಅಷ್ಟೇ. ಇನ್ನು "ಒಬ್ಬರನ್ನೂ ತೆಗೀಲಿಲ್ಲ" ಅನ್ನೋರಿಗೆ: ಅದೇ 2014ರಲ್ಲಿ ಜರ್ಮನಿಯ ಒಂದು ನಿಂಟೆಂಡೋ ಆಫೀಸ್ ಮುಚ್ಚಿ ಸುಮಾರು 130 ಜನರ ಕೆಲಸ ಹೋಯ್ತು.

ಹಾಗಂತ ಮನುಷ್ಯ ಸಣ್ಣವರಲ್ಲ. ಹಾಲ್ ಲ್ಯಾಬೊರೇಟರಿ ಅನ್ನೋ ಗೇಮ್ ಕಂಪನಿಗೆ ಪ್ರೋಗ್ರಾಮರ್ ಆಗಿ ಕಾಲೇಜು ದಿನಗಳಲ್ಲಿ ಪಾರ್ಟ್‌ಟೈಮ್ ಸೇರಿ, 1993ರಲ್ಲಿ ಅದು 150 ಕೋಟಿ ಯೆನ್ ಸಾಲದಲ್ಲಿ ಮುಳುಗಿದ್ದಾಗ 33ನೇ ವಯಸ್ಸಿಗೆ ಅಧ್ಯಕ್ಷರಾಗಿ ಸಾಲ ತೀರಿಸಿದವರು. 2002ರಲ್ಲಿ ನಿಂಟೆಂಡೋ ಅಧ್ಯಕ್ಷ, ಕಂಪನಿ ಕಟ್ಟಿದ ಯಾಮಾಉಚಿ ಮನೆತನದ ಹೊರಗಿನ ಮೊದಲಿಗರು. 2015ರ ಜುಲೈನಲ್ಲಿ ತೀರಿಕೊಂಡಾಗ ಬರೀ 55 ವರ್ಷ.

ನೀವು ಕೇಳ್ಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು ನೋಡಿ, ಮ್ಯಾನೇಜರ್ ಆದ್ಮೇಲೆ ಕೋಡ್ ಮುಟ್ಟಿದ್ರಾ ಅಂತ. ಮುಟ್ಟಿದ್ರು! ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ ಅನ್ನೋ ಗೇಮ್ 2001ರಲ್ಲಿ ಟೈಮಿಗೆ ಮುಗಿಯಲ್ಲ ಅಂದಾಗ, ಆಗಲೇ ನಿಂಟೆಂಡೋದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಇವಾಟಾ ಹಾಲ್‌ಗೆ ಹೋಗಿ ಸುಮಾರು ಮೂರು ವಾರ ಕೂತು ಬಗ್ ಹುಡುಕಿದ್ರು. ಇದನ್ನ ಯಾರೂ ಫಾರ್ವರ್ಡ್ ಮಾಡಲ್ಲ ಬಿಡಿ.