ಗಿಡ್ಡ ಹಸುವಿನ ಯೂರಿಯಾ ಲೆಕ್ಕ

ನಾಟಿ ಹಸುವಿನ ಹಿಣಿಲಿನಲ್ಲಿ ‘ಸೂರ್ಯಕೇತು ನಾಡಿ’ ಇದೆ, ಅದು ಬಿಸಿಲು ಹೀರಿ ಹಾಲಿಗೆ ಚಿನ್ನ ಬೆರೆಸುತ್ತದೆ ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಹಿಣಿಲನ್ನು ಕೊಯ್ದು ನೋಡಿದರೆ ಸಿಗುವುದು ಸ್ನಾಯು ಮತ್ತು ಕೊಬ್ಬು. ಅಂಥ ನಾಡಿ ಎಲ್ಲೂ ಇಲ್ಲ. ಈ ಗದ್ದಲದಲ್ಲಿ ಹಸುವಿನ ಹೊಟ್ಟೆಯೊಳಗೆ ನಿಜವಾಗಿ ನಡೆಯುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಅದೇ ನನ್ನ ಬೇಜಾರು.

ನಮ್ಮ ಮಲೆನಾಡು ಗಿಡ್ಡವನ್ನೇ ನೋಡಿ. ಎತ್ತರ ಮೂರಡಿ ಆಸುಪಾಸು. 2012ರಲ್ಲಿ ಇದಕ್ಕೆ ಪ್ರತ್ಯೇಕ ತಳಿ ಎಂಬ ಅಧಿಕೃತ ಮಾನ್ಯತೆ ಸಿಕ್ಕಿತು. ಮಳೆಗಾಲದಲ್ಲಿ ಸುರಿಯುವ ಮಳೆಯಲ್ಲೇ ಗುಡ್ಡ ಹತ್ತಿ ಮೇಯುತ್ತದೆ. ಬೇಸಿಗೆ ಬಂದರೆ ಬ್ಯಾಣದಲ್ಲಿ, ಅಂದರೆ ಮೇಯುವ ಗುಡ್ಡದಲ್ಲಿ, ಉಳಿಯುವುದು ಒಣಗಿದ ಕರಡದ ಹುಲ್ಲು ಮಾತ್ರ. ಹಿಂಡಿ, ಬೂಸಾ ಕಾಣದೆಯೂ ಬದುಕುತ್ತದೆ, ಕರು ಹಾಕುತ್ತದೆ, ಒಂದಿಷ್ಟು ಹಾಲನ್ನೂ ಕೊಡುತ್ತದೆ.

ಇದರ ಮೊದಲ ಗುಟ್ಟು ಕಡಿಮೆ ಖರ್ಚು. ಹಿಣಿಲಿರುವ ದನಗಳಿಗೆ ಸುಮ್ನೆ ಬದುಕಿರಲು ಬೇಕಾಗುವ ಶಕ್ತಿ ಯುರೋಪಿನ ತಳಿಗಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಸಣ್ಣ ಉರಿಯಲ್ಲಿಟ್ಟ ಒಲೆಯ ಹಾಗೆ, ಸೌದೆಯೂ ಕಡಿಮೆ, ಕಾವೂ ಕಡಿಮೆ. ಮೈಯೊಳಗೆ ಹುಟ್ಟುವ ಬಿಸಿಯೇ ಕಡಿಮೆಯಾದರೆ ಹೊರಹಾಕಬೇಕಾದ ಬಿಸಿಯೂ ಕಡಿಮೆ ಅಲ್ವಾ? ಅದರ ಮೇಲೆ ದೊಡ್ಡ ಬೆವರು ಗ್ರಂಥಿಗಳು, ನುಣುಪಾದ ಗಿಡ್ಡ ಕೂದಲು. ಹೆಚ್ಚು ಹಾಲು ಕೊಡುವ ಸೀಮೆ ಹಸು ಏಪ್ರಿಲ್ ಮಧ್ಯಾಹ್ನ ಏದುಸಿರು ಬಿಡುವುದಕ್ಕೂ ಕಾರಣ ಇಲ್ಲೇ ಇದೆ. ಹಾಲು ತಯಾರಾಗುವಾಗ ಮೈ ಬಿಸಿಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಗುಟ್ಟು ಎರಡನೆಯದು. ಅದು ಪ್ರೋಟೀನಿನಲ್ಲಿರುವ ಸಾರಜನಕದ್ದು.

ಭತ್ತದ ಹುಲ್ಲಿನಲ್ಲಿ ಪ್ರೋಟೀನು ಶೇ 3ರಿಂದ 4ರಷ್ಟು ಇದ್ದರೆ ಹೆಚ್ಚು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕೊಳೆಸಿ ಕೊಡುವವು ಬ್ಯಾಕ್ಟೀರಿಯಾಗಳು. ಅವು ಸರಿಯಾಗಿ ಕೆಲಸ ಮಾಡಲು ಮೇವಿನಲ್ಲಿ ಶೇ 7ರಷ್ಟಾದರೂ ಪ್ರೋಟೀನು ಬೇಕು. ಕೊರತೆ ಬಿದ್ದರೆ ಅವು ಸೊರಗುತ್ತವೆ. ಹೊಟ್ಟೆ ತುಂಬ ಹುಲ್ಲಿದ್ದರೂ ಅದು ಕರಗುವುದಿಲ್ಲ, ಹಸು ಬಡಕಲಾಗುತ್ತದೆ.

ಉಳಿದ ಪಾಲು ಎಲ್ಲಿಂದ ಬರಬೇಕು? ಹಸುವಿನ ಮೈಯಿಂದಲೇ. ಪ್ರೋಟೀನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡಿ ರಕ್ತಕ್ಕೆ ಬಿಡುತ್ತದೆ. ನಮ್ಮ ಮೈಯಲ್ಲಾದರೆ ಅದರ ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ಮೇವು ಕಳಪೆಯಾದಾಗ ಹಸುವಿನ ಮೂತ್ರಪಿಂಡ ಯೂರಿಯಾವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅದು ಜೊಲ್ಲಿನ ಜೊತೆ ಇಳಿದು, ಮೊದಲ ಹೊಟ್ಟೆಯ ಗೋಡೆಯಿಂದ ಒಸರಿ, ಮತ್ತೆ ಬ್ಯಾಕ್ಟೀರಿಯಾಗಳ ಬಳಿಗೇ ಬರುತ್ತದೆ. ಅವು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ, ಅದರಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆಮೇಲೆ ಮುಂದಿನ ಹೊಟ್ಟೆಗೆ ಜಾರಿ ತಾವೇ ಜೀರ್ಣವಾಗುತ್ತವೆ. ಹಸುವಿಗೆ ಸಿಗುವ ಪ್ರೋಟೀನಿನಲ್ಲಿ ದೊಡ್ಡ ಪಾಲು ಈ ಬ್ಯಾಕ್ಟೀರಿಯಾಗಳ ಮೈಯೇ!

1957ರಲ್ಲಿ ವಿಜ್ಞಾನಿ ಬೋಡಿಲ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ಮೇವು ಕಳಪೆಯಾದಾಗ ಒಂಟೆಯ ಮೂತ್ರದಲ್ಲಿ ಯೂರಿಯಾ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆದು ಪ್ರಕಟಿಸಿದ ಮೇಲೆ ಈ ದಾರಿ ಚೆನ್ನಾಗಿ ಬೆಳಕಿಗೆ ಬಂತು. ಮೆಲುಕು ಹಾಕುವ ಎಲ್ಲ ಪ್ರಾಣಿಗಳಲ್ಲೂ ಇದು ಇದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹಿಣಿಲಿರುವ ಬ್ರಾಹ್ಮನ್ ಮತ್ತು ಯುರೋಪಿನ ಹಿಯರ್‌ಫರ್ಡ್ ದನಗಳಿಗೆ ಒಂದೇ ಕಳಪೆ ಹುಲ್ಲು ಹಾಕಿ ಹೋಲಿಸಿದರು. ಬ್ರಾಹ್ಮನ್ ದನಗಳ ಮೊದಲ ಹೊಟ್ಟೆಯಲ್ಲಿ ಅಮೋನಿಯಾ, ಅಂದರೆ ಬ್ಯಾಕ್ಟೀರಿಯಾಗಳಿಗೆ ಸಿಗುವ ಸಾರಜನಕ, ಜಾಸ್ತಿ ಇತ್ತು. ಅಮೆರಿಕದಲ್ಲಿ ರೂಪುಗೊಂಡ ಈ ಬ್ರಾಹ್ಮನ್ ತಳಿಯಲ್ಲಿ ನಮ್ಮ ಕೃಷ್ಣಾ ಕಣಿವೆ ದನದ ರಕ್ತವೂ ಇದೆ. ಆದರೆ ಒಳ್ಳೆಯ ಮೇವು ಸಿಕ್ಕಿದರೆ ಹಿಯರ್‌ಫರ್ಡ್‌ನದೇ ಮೇಲುಗೈ. ಇದನ್ನು ಮುಚ್ಚಿಡಬಾರದು. ನಾಟಿ ದನ ಎಲ್ಲ ಕಡೆಯೂ ಶ್ರೇಷ್ಠ ಅನ್ನುವುದೂ ವಿಜ್ಞಾನವಲ್ಲ.

ಕಾಲಕ್ಕೆ ತಕ್ಕ ಹಾಗೆ ಮೇವು ಬದಲಾಗುವುದನ್ನು ಹಳಬರು ಅನುಭವದಿಂದ ಅರಿತಿದ್ದರು. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಕಾವಲುಗಳಲ್ಲಿ, ಅಂದರೆ ಮೇಯಲು ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ, ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ವಿಂಗಡಣೆ ಇತ್ತು. ಫಿರಂಗಿ ಎಳೆದ ಎತ್ತುಗಳು ಬೆಳೆದದ್ದು ಆ ಹುಲ್ಲಿನ ಮೇಲೆ.

ಹಸು ಒಳಗೆ ಮಾಡುವುದನ್ನೇ ನಾವು ಹೊರಗಿನಿಂದಲೂ ಮಾಡಬಹುದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಟ್ಟರೆ ಹುಲ್ಲು ಮೆದುವಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಸಾರಜನಕವೂ ಸಿಗುತ್ತದೆ. ತೆಗೆದ ಮೇಲೆ ಘಾಟು ಹೋಗುವ ತನಕ ಹರಡಿಟ್ಟು ಆಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಚೀಲವನ್ನಂತೂ ಕೊಟ್ಟಿಗೆಯಲ್ಲಿ ಬಾಯಿಗೆ ಸಿಗುವಂತೆ ಇಡಲೇಬೇಡಿ. ನೇರವಾಗಿ ನೆಕ್ಕಿದರೆ ಅಮೋನಿಯಾ ಒಮ್ಮೆಲೇ ರಕ್ತಕ್ಕೇರಿ ಹಸು ಸತ್ತೇ ಹೋಗಬಹುದು.