ಯುದ್ಧದ ಲಾಭ ಯಾರ ಜೇಬಿಗೆ? ಜನರಲ್ ಬಟ್ಲರ್ ಎತ್ತಿದ ಪ್ರಶ್ನೆಯ ಹಿನ್ನೆಲೆ

ಅಮೆರಿಕ ಇನ್ನೊಂದು ದೇಶಕ್ಕೆ ಸೇನೆ ಕಳಿಸಿದಾಗಲೆಲ್ಲ ಒಂದು ಹಳೆಯ ಮಾತು ಮತ್ತೆ ಹರಿದಾಡುತ್ತದೆ: "ಯುದ್ಧ ಒಂದು ದಂಧೆ." ಈ ಮಾತಿನ ಜೊತೆಗೆ ಕೇಳಿಬರುವ ಹೆಸರು ಅಮೆರಿಕದ ಮರೀನ್ ಪಡೆಯ (ನೌಕೆಯಿಂದ ದಡಕ್ಕಿಳಿದು ಹೋರಾಡುವ ಪಡೆ) ಮೇಜರ್ ಜನರಲ್ ಸ್ಮೆಡ್ಲಿ ಬಟ್ಲರ್ ಅವರದು. ಆ ದೇಶದ ಅತಿ ದೊಡ್ಡ ಶೌರ್ಯ ಪದಕ 'ಮೆಡಲ್ ಆಫ್ ಆನರ್' ಅವರಿಗೆ ಎರಡು ಸಲ ಸಿಕ್ಕಿತ್ತು. ತಾನು ದುಡಿದದ್ದು ಬ್ಯಾಂಕು, ಕಂಪನಿಗಳ ಲಾಭಕ್ಕೆ ಎಂದು ನಿವೃತ್ತರಾದ ಮೇಲೆ ಅವರಿಗೆ ದಿಢೀರನೆ ಜ್ಞಾನೋದಯ ಆಯಿತು ಅಂತ ಕಥೆ ಹೇಳುವವರೇ ಜಾಸ್ತಿ. ನಿಜ ಅಷ್ಟು ಸರಳವಾಗಿಲ್ಲ.

1881ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಬಟ್ಲರ್ ಅವರದು ಕ್ವೇಕರ್ ಮನೆತನ. ಹಿಂಸೆ ಕೂಡದು ಅನ್ನುವ ಪಂಥ ಅದು. ಆದರೂ 1898ರಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾದಾಗ ಹುಡುಗ ಶಾಲೆ ಬಿಟ್ಟು, ವಯಸ್ಸು ಸುಳ್ಳು ಹೇಳಿ ಮರೀನ್ ಪಡೆ ಸೇರಿದ. ಆಗ ಅವನಿಗೆ 16. ತಂದೆ ಥಾಮಸ್ ಬಟ್ಲರ್ ಸಂಸದರು, ಮುಂದೆ ಕೆಳಮನೆಯ ನೌಕಾ ಸಮಿತಿಯ ಅಧ್ಯಕ್ಷರೂ ಆದರು. ಮಗ ಏರಿದ ಮೆಟ್ಟಿಲುಗಳ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು. ಹಾಗಂತ ಧೈರ್ಯವೇನೂ ಸಾಲ ತಂದದ್ದಲ್ಲ. 1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಹೊತ್ತಿಗೆ ತೊಡೆಗೆ ಗುಂಡು ಬಿತ್ತು. ಆಮೇಲೆ ಎದೆಗೂ ತಗುಲಿತು.

ಚೀನಾ ಒಂದೇ ಅಲ್ಲ, ಮುಂದೆ ಬಟ್ಲರ್ ಹೋದ ದೇಶಗಳು ಹಲವು. ಅಷ್ಟೊಂದು ದೇಶಗಳಿಗೆ ಮರೀನ್‌ಗಳೇ ಯಾಕೆ ಹೋಗುತ್ತಿದ್ದರು? ಆಗ ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಹಲವು ಸರ್ಕಾರಗಳು ವಿದೇಶಿ ಬ್ಯಾಂಕುಗಳ ಸಾಲದಲ್ಲಿ ಮುಳುಗಿದ್ದವು. ವಸೂಲಿಗೆ ಯುರೋಪಿನ ಯುದ್ಧನೌಕೆಗಳು ಬರುವ ಬದಲು ತಾನೇ ಪೊಲೀಸ್ ಕೆಲಸ ಮಾಡುತ್ತೇನೆ ಎಂದು 1904ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಸಾರಿದರು. ಮರೀನ್‌ಗಳು ನೌಕೆಯಲ್ಲೇ ಇರುವವರು. ಯುದ್ಧ ಘೋಷಿಸದೆ ಸುಮ್ನೆ ದಡಕ್ಕೆ ಇಳಿಸಿದರೆ ಆಯಿತು.

ಬಟ್ಲರ್ ನಿಕರಾಗುವಾಕ್ಕೆ ಹೋದದ್ದು ಇದೇ ಕಾಲದಲ್ಲಿ. ಇಲ್ಲಿಯ ದಂಗೆಗೆ ಹಣ ಹಾಕಿದವರೇ ಅಮೆರಿಕದ ಬಂಡವಾಳಗಾರರು ಎಂದು 1910ರಲ್ಲೇ ಮನೆಗೆ ಸಿಟ್ಟಿನಿಂದ ಪತ್ರ ಬರೆದರು. ಅಂದರೆ ಗೊತ್ತಿತ್ತು. ಆದರೂ ಕೆಲಸ ಬಿಡಲಿಲ್ಲ. 1914ರಲ್ಲಿ ಮೆಕ್ಸಿಕೊದ ವೆರಾಕ್ರೂಜ್ ಬಂದರು ಹಿಡಿದದ್ದಕ್ಕೆ ಮೊದಲ ಪದಕ ಬಂತು. ಆ ಒಂದು ಕಾರ್ಯಾಚರಣೆಗೇ 56 ಪದಕ ಹಂಚಿದ್ದರು! ನಾಚಿಕೆಯಾಗಿ ಬಟ್ಲರ್ ವಾಪಸ್ ಕಳಿಸಿದರು. ಇಟ್ಟುಕೋ, ಧರಿಸಲೂಬೇಕು ಎಂದು ಮೇಲಿನಿಂದ ಆದೇಶ ಬಂತು.

ಎಲ್ಲಕ್ಕಿಂತ ದೊಡ್ಡ ಅಧ್ಯಾಯ ಹೈಟಿಯದು. 1914ರ ಡಿಸೆಂಬರ್‌ನಲ್ಲಿ ಅಮೆರಿಕದ ಮರೀನ್‌ಗಳು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನ ಎತ್ತಿ ನ್ಯೂಯಾರ್ಕಿಗೆ ಸಾಗಿಸಿದರು. ಮುಂದಿನ ಜುಲೈನಲ್ಲಿ ಜನರ ಗುಂಪು ಹೈಟಿಯ ಅಧ್ಯಕ್ಷರನ್ನು ಕೊಂದಿತು, ಅಮೆರಿಕದ ಸೇನೆ ಇಳಿಯಿತು. ನವೆಂಬರ್‌ನಲ್ಲಿ ಬಂಡುಕೋರರ ಕೈಲಿದ್ದ ಫೋರ್ಟ್ ರಿವಿಯೇರ್ ಕೋಟೆಗೆ ಬಟ್ಲರ್ ಪಡೆ ಒಂದು ಇಕ್ಕಟ್ಟಾದ ಕಿಂಡಿಯಿಂದ ನುಗ್ಗಿತು. 50ಕ್ಕೂ ಹೆಚ್ಚು ಹೈಟಿಯನ್ನರು ಸತ್ತರು. ಅಮೆರಿಕದವರು ಒಬ್ಬರೂ ಸಾಯಲಿಲ್ಲ. ಎರಡನೇ ಪದಕ ಇದಕ್ಕೆ.

ಆಮೇಲಿನದು ಪದಕದ ಕಥೆಯಲ್ಲಿ ಬರುವುದಿಲ್ಲ. ಹೈಟಿಯ ಹೊಸ ಪೊಲೀಸ್ ಪಡೆಗೆ ಬಟ್ಲರ್ ಮುಖ್ಯಸ್ಥರಾದರು. 1917ರಲ್ಲಿ ಅಲ್ಲಿನ ಸಂಸತ್ತನ್ನು ವಿಸರ್ಜಿಸಲು ಅವರೇ ನಿಂತರು. ಸಂಸತ್ತು ಅಮೆರಿಕಕ್ಕೆ ಒಪ್ಪಿಗೆಯಾಗದ ಸಂವಿಧಾನ ರೂಪಿಸುತ್ತಿತ್ತು, ವಿದೇಶಿಯರು ಜಮೀನು ಕೊಳ್ಳುವ ವಿಷಯ ಅದರಲ್ಲಿ ಮುಖ್ಯ ಜಗಳ. ರಸ್ತೆ ಹಾಕಿಸಲು 1864ರ ಹಳೆಯ ಕಾನೂನು ಹುಡುಕಿ ತೆಗೆದು ರೈತರಿಂದ ಬಿಟ್ಟಿ ದುಡಿಮೆ ಮಾಡಿಸಿದರು. ಬಂದೂಕಿನ ಕಾವಲಲ್ಲಿ, ಹಗ್ಗ ಕಟ್ಟಿ ಕರೆದೊಯ್ಯುವ ಮಟ್ಟಕ್ಕೆ ಅದು ಹೋಯಿತು. ಬಟ್ಲರ್ 1918ರಲ್ಲಿ ಹೊರಟರು. ಅದೇ ವರ್ಷ ಶಾರ್ಲ್‌ಮೇನ್ ಪೆರಾಲ್ಟ್ ನಾಯಕತ್ವದಲ್ಲಿ ದೊಡ್ಡ ದಂಗೆ ಎದ್ದಿತು.

ಮೊದಲ ಮಹಾಯುದ್ಧದಲ್ಲಿ ಅವರಿಗೆ ರಣರಂಗ ಸಿಗಲಿಲ್ಲ. ಫ್ರಾನ್ಸಿನ ಬ್ರೆಸ್ಟ್ ಬಂದರಿನ ಕೆಸರು ತುಂಬಿದ ಶಿಬಿರ ಸಿಕ್ಕಿತು. ಸೈನಿಕರು ಮಲಗಲು ಒಣನೆಲ ಇರಲಿಲ್ಲ. ಮರದ ಹಲಗೆಗಳನ್ನು ತಾವೂ ಹೊತ್ತು ತಂದು ಹಾಸಿಸಿದರು. ಮಾಜಿ ಸೈನಿಕರು ಅವರನ್ನು ಮೆಚ್ಚಿದ್ದು ಇಂಥದ್ದಕ್ಕೆ ಅನ್ನಿಸುತ್ತದೆ, ಪದಕಗಳಿಗಲ್ಲ. 1924-25ರಲ್ಲಿ ಫಿಲಡೆಲ್ಫಿಯಾದ ಪೊಲೀಸ್ ವ್ಯವಸ್ಥೆಯ ಹೊಣೆ ಹೊತ್ತು ಕಳ್ಳಸಾರಾಯಿ ಅಡ್ಡೆಗಳ ಮೇಲೆ ಬಿದ್ದರು. ಆಗ ಅಮೆರಿಕದಲ್ಲಿ ಮದ್ಯ ನಿಷೇಧ ಇತ್ತು. ದೊಡ್ಡ ಹೋಟೆಲುಗಳ ಮೇಲೂ ದಾಳಿ ಮಾಡಿದಾಗ ಮೇಯರ್ ಜೊತೆ ಕೆಟ್ಟಿತು. 1931ರಲ್ಲಿ ಭಾಷಣವೊಂದರಲ್ಲಿ, ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಕಾರು ಒಂದು ಮಗುವಿಗೆ ಗುದ್ದಿ ನಿಲ್ಲದೆ ಹೋಯಿತು ಎಂದುಬಿಟ್ಟರು. ಇಟಲಿ ಪ್ರತಿಭಟಿಸಿತು. ಬಟ್ಲರ್ ಅವರನ್ನು ಬಂಧನದಲ್ಲಿಟ್ಟು ಸೇನಾ ವಿಚಾರಣೆಗೆ ಆದೇಶವಾಯಿತು. ಕೊನೆಗೆ ಬರೀ ಛೀಮಾರಿಗೆ ಮುಗಿಯಿತು. ಅದೇ ವರ್ಷ ನಿವೃತ್ತಿ.

1932ರ ಬೇಸಿಗೆಯಲ್ಲಿ ಮಹಾಯುದ್ಧದ ಸಾವಿರಾರು ಮಾಜಿ ಸೈನಿಕರು ಸಂಸಾರ ಸಮೇತ ವಾಷಿಂಗ್ಟನ್‌ನಲ್ಲಿ ಗುಡಿಸಲು ಹಾಕಿ ಕೂತರು. ಸರ್ಕಾರ ಅವರಿಗೆ 1945ರಲ್ಲಿ ಬೋನಸ್ ಕೊಡುವ ಪತ್ರ ಕೊಟ್ಟಿತ್ತು. ಹೊಟ್ಟೆಗಿಲ್ಲ, ಈಗಲೇ ಕೊಡಿ ಎಂಬುದು ಅವರ ಬೇಡಿಕೆ. ಬಟ್ಲರ್ ಶಿಬಿರಕ್ಕೆ ಹೋಗಿ ಬೆಂಬಲಿಸಿ ಮಾತಾಡಿದರು. ಜುಲೈ 28ರಂದು ಜನರಲ್ ಮ್ಯಾಕ್‌ಆರ್ಥರ್ ಪಡೆ ಅವರನ್ನು ಅಲ್ಲಿಂದ ಓಡಿಸಿತು. ಬ್ಯಾಂಕಿಗೆ ಕಷ್ಟ ಬಂದರೆ ನೆರವಿಗೆ ಸೇನೆ ಹೋಗುತ್ತದೆ, ಅದೇ ಸೈನಿಕ ಕಷ್ಟ ಹೇಳಿಕೊಂಡರೆ ಅವನನ್ನು ಓಡಿಸಲು ಸೇನೆ ಬರುತ್ತದೆ. ಅವರ ಮಾತು ಬಿರುಸಾದದ್ದು ಇಲ್ಲಿಂದ ಮುಂದೆ ಎಂದು ನನ್ನ ಲೆಕ್ಕ.

1934ರಲ್ಲಿ ಅವರು ಸಂಸತ್ತಿನ ಸಮಿತಿಯ ಮುಂದೆ ಇನ್ನೊಂದು ಬಾಂಬ್ ಹಾಕಿದರು. ಜೆರಾಲ್ಡ್ ಮ್ಯಾಕ್‌ಗೈರ್ ಎಂಬ ಬಾಂಡ್ ವ್ಯಾಪಾರಿ ತಮ್ಮ ಬಳಿ ಬಂದಿದ್ದ, 5 ಲಕ್ಷ ಮಾಜಿ ಸೈನಿಕರನ್ನು ಮುನ್ನಡೆಸಿ ಆಗಿನ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅಧಿಕಾರ ಕಿತ್ತುಕೊಳ್ಳುವ ಯೋಜನೆ ಮುಂದಿಟ್ಟ ಎಂದರು. ಮ್ಯಾಕ್‌ಗೈರ್ ಅಲ್ಲಗಳೆದ. ಪತ್ರಿಕೆಗಳು ನಕ್ಕವು. ಆದರೆ ಇಂಥ ಪ್ರಯತ್ನದ ಮಾತುಕತೆ ನಡೆದದ್ದು ನಿಜ ಎಂದು 1935ರ ಸಮಿತಿ ವರದಿ ಹೇಳಿತು. ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಯೋಜನೆ ಎಷ್ಟು ಗಟ್ಟಿಯಾಗಿತ್ತು ಎಂಬ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ.

'ಯುದ್ಧ ಒಂದು ದಂಧೆ' ಎಂಬ ಪುಟ್ಟ ಪುಸ್ತಕ ಬಂದದ್ದು 1935ರಲ್ಲಿ. ಅದರಲ್ಲಿ ಬರೀ ಬೈಗುಳ ಇಲ್ಲ. ಮಹಾಯುದ್ಧದಲ್ಲಿ ಕಂಪನಿಗಳ ಲಾಭ ಎಷ್ಟು ಪಟ್ಟು ಏರಿತು ಎಂದು ಲೆಕ್ಕ ಕೊಟ್ಟು, ಮೂರು ಸಲಹೆ ಇಟ್ಟರು. ಸೈನಿಕನನ್ನು ಕಡ್ಡಾಯವಾಗಿ ಸೇರಿಸುವ ಮುಂಚೆ ಕಂಪನಿ, ಬ್ಯಾಂಕಿನವರನ್ನೂ ಸೈನಿಕನ ಸಂಬಳಕ್ಕೆ ಸೇರಿಸಿ. ಯುದ್ಧ ಬೇಕೇ ಎಂದು ಹೋರಾಡಬೇಕಾದವರೇ ಮತ ಹಾಕಲಿ. ಸೇನೆ ಸ್ವಂತ ನೆಲ ಕಾಯುವುದಕ್ಕೆ ಮಾತ್ರ ಇರಲಿ. ಎರಡನೆಯದಕ್ಕೆ ಹತ್ತಿರದ ವಿಚಾರ ಸಂಸತ್ತಿನವರೆಗೂ ಹೋಯಿತು. ಯುದ್ಧಕ್ಕೆ ಮೊದಲು ಜನಮತ ಕೇಳಬೇಕೆಂಬ ಲಡ್ಲೋ ತಿದ್ದುಪಡಿಯನ್ನು ಚರ್ಚೆಗೆ ತರುವ ಯತ್ನ 1938ರ ಜನವರಿಯಲ್ಲಿ 188-209 ಮತಗಳಿಂದ ಬಿದ್ದುಹೋಯಿತು. ಬಟ್ಲರ್ 1940ರ ಜೂನ್‌ನಲ್ಲಿ ತೀರಿಕೊಂಡರು.

ಅದೇ 1935ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ತಮ್ಮನ್ನು ಬಂಡವಾಳದ ಗೂಂಡಾ ಎಂದು ಕರೆದುಕೊಂಡು, ತಾವು ಯಾವ ದೇಶದಲ್ಲಿ ಯಾರ ಪರ ದುಡಿದೆ ಎಂದು ಪಟ್ಟಿ ಕೊಟ್ಟಿದ್ದಾರೆ. ಈಗ ಹರಿದಾಡುವುದು ಇದೇ ಪಟ್ಟಿ. ಅದರಲ್ಲಿ ಹೈಟಿಗೆ, ಅದೂ ಕ್ಯೂಬಾದ ಜೊತೆಗೆ, ಸಿಕ್ಕಿರುವುದು ಒಂದು ಸಾಲು: ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕಿನವರು ಹಣ ವಸೂಲಿ ಮಾಡಲು ಅನುಕೂಲ ಮಾಡಿಕೊಟ್ಟೆ ಎಂಬುದು. ಬ್ಯಾಂಕಿನ ಹೆಸರು ಇದೆ. ರಸ್ತೆಗೆ ಹಿಡಿದು ತಂದ ರೈತರ ವಿಷಯ ಆ ಪಟ್ಟಿಯಲ್ಲಿ ಇಲ್ಲ.